ಕೂಳೆಯ ನಡುವೆ ಅಲಸಂದೆ

"ಅಕ್ಕ, ಇನ್ನೊಂದು ರೌಂಡ್ ಹೊಡೆದುಬುಡ್ಲಾ?"

ಟ್ರ್ಯಾಕ್ಟರ್ ಹುಡುಗ ಎಂಜಿನ್ ಆರಿಸದೆಯೇ ಕೂಗಿ ಕೇಳಿದ. ಅಷ್ಟರಲ್ಲಾಗಲೇ ಎರಡು ಸಲ ಕಲ್ಟಿವೇಟರ್, ಒಂದು ಸಲ ರೋಟವೇಟರ್ ಆಗಿತ್ತು. ಹತ್ತು ಗುಂಟೆ ಗದ್ದೆ ರವೆಯ ಹಾಗೆ ಪುಡಿಯಾಗಿ ಹರಡಿಕೊಂಡಿತ್ತು. ಪಕ್ಕದ ಹತ್ತು ಗುಂಟೆಯಲ್ಲಿ ಭತ್ತದ ಕೂಳೆ ನಿಂತ ಹಾಗೇ ನಿಂತಿತ್ತು. ಅದರ ನಡುವೆ ಗೇಣುದ್ದದ ಅಲಸಂದೆ ಸಸಿಗಳು, ನೇಗಿಲಿನ ಮುಖವನ್ನೇ ನೋಡದೆ ಹುಟ್ಟಿದವು. ಹುಡುಗ ಅತ್ತ ನೋಡಿ ದನಿ ತಗ್ಗಿಸಿದ. "ಅದ್ಯಾಕಕ್ಕ ಅಂಗೇ ಬುಟ್ಟಿದ್ದೀರಿ? ದುಡ್ಡು ಬೇಕಾರೆ ಆಮೇಲೆ ಕೊಡಿ."

ಉಳದೆ ಬಿಟ್ಟ ನೆಲ ಕಂಡರೆ ನಮ್ಮೂರಲ್ಲಿ ಎರಡೇ ಅರ್ಥ. ಆ ಮನೆಯಲ್ಲಿ ದುಡ್ಡಿಲ್ಲ, ಇಲ್ಲವೇ ಗಂಡಸಿಲ್ಲ. ನನ್ನ ಮಟ್ಟಿಗೆ ಎರಡನೆಯದು ನಿಜ. ಆದರೆ ಆ ಹತ್ತು ಗುಂಟೆಯನ್ನು ಬೇಕೆಂದೇ ಬಿಟ್ಟಿದ್ದೆ ಎಂದು ಹೇಳಿದರೆ ಅವನು ನಂಬಲಿಲ್ಲ.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಊರು ಮಂಡ್ಯ ಜಿಲ್ಲೆಯಲ್ಲಿ, ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿದೆ. ನಮ್ಮತ್ತೆ ಕೊನೆಯವರೆಗೂ ಅದನ್ನು ಇರ್ವಿನ್ ನಾಲೆ ಎಂದೇ ಕರೆಯುತ್ತಿದ್ದರು. ಕೊನೆಭಾಗ ಎಂದರೆ ಕಟ್ಟೆ ತುಂಬಿದ ಸುದ್ದಿ ಮೊದಲು ಪತ್ರಿಕೆಯಲ್ಲಿ ಬಂದು, ನೀರು ಆಮೇಲೆ ಬರುವ ಜಾಗ. ಯಜಮಾನರು ತೀರಿಕೊಂಡ ಮೇಲೆ ಒಂದೂವರೆ ಎಕರೆ ಗದ್ದೆ, ಬೆಟ್ಟದ ಕಡೆ ಒಂದು ಎಕರೆ ಕೆಂಪು ಹೊಲ, ಮೂರು ಹಸು ನನ್ನ ಪಾಲಿಗೆ ಬಂದವು. ಹಾಲು ದಿನಾ ಎರಡು ಹೊತ್ತು ಮಹಿಳಾ ಡೈರಿಗೆ ಹೋಗುತ್ತದೆ. ಬದುಕಿನ ಲೆಕ್ಕ ಈಗ ಹಾಲಿನ ಫ್ಯಾಟು ಮತ್ತು ಲ್ಯಾಕ್ಟೋಮೀಟರ್ ಡಿಗ್ರಿಯಲ್ಲಿದೆ.

2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದರು. ಅದರ ಮುಂದಿನ ಬೇಸಿಗೆಯಲ್ಲಿ ಒಣಹುಲ್ಲನ್ನು ಬಂಗಾರದ ಹಾಗೆ ತೂಗಿ ಕೊಂಡೆ. ಹಸುಗಳ ಹೊಟ್ಟೆಯೇನೋ ತುಂಬಿತು, ಹಾಲು ಮಾತ್ರ ತೆಳ್ಳಗಾಯಿತು. ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ಇರುವುದು ನೂರಕ್ಕೆ ಮೂರೋ ನಾಲ್ಕೋ. ಅದನ್ನು ತಿಂದು ಗಟ್ಟಿ ಹಾಲು ಕೊಡು ಎನ್ನುವುದು, ಬರೀ ಗಂಜಿ ಕುಡಿಸಿ ಮೂಟೆ ಹೊರು ಎಂದ ಹಾಗೆ. ಡೈರಿಯಲ್ಲಿ ಎರಡು ಸಲ "ಡಿಗ್ರಿ ಬರಲಿಲ್ಲ ಟೀಚರ್" ಎಂದರು. ಮೂವತ್ತೊಂದು ವರ್ಷ ಮಕ್ಕಳಿಗೆ ಅಂಕ ಕೊಟ್ಟವಳಿಗೆ ತಾನೇ ಫೇಲಾದ ಅನುಭವ.

ಆಗ ನೆನಪಾದದ್ದು ಅತ್ತೆಯ ಅಭ್ಯಾಸ. ಭತ್ತ ಕೊಯ್ಯಲು ವಾರವಿರುವಾಗ ಮಡಿಲಲ್ಲಿ ಕಾಳು ತುಂಬಿಕೊಂಡು, ನಿಂತ ಪೈರಿನ ನಡುವೆಯೇ ಚೆಲ್ಲಿ ಬರುತ್ತಿದ್ದರು. ಬಿಹಾರ, ಬಂಗಾಳದ ಕಡೆ ಇದಕ್ಕೆ ಪೈರಾ ಎನ್ನುತ್ತಾರೆ, ಛತ್ತೀಸಗಡದಲ್ಲಿ ಉತೇರಾ. ನಮ್ಮತ್ತೆಯ ಬಳಿ ಇದಕ್ಕೊಂದು ಹೆಸರೂ ಇರಲಿಲ್ಲ. "ನೆಲ ಆರೋಕೆ ಮುಂಚೆ ಒಂದು ಹಿಡಿ ಚೆಲ್ಲಿದ್ರೆ ದನಕ್ಕಾಯ್ತದೆ" ಎನ್ನುತ್ತಿದ್ದರು, ಅಷ್ಟೇ. ಟ್ರ್ಯಾಕ್ಟರ್ ಬಂದ ಮೇಲೆ ಆ ಅಭ್ಯಾಸ ಬಿಟ್ಟುಹೋಯಿತು. ಬಿಟ್ಟವರು ಯಾರು, ಯಾಕೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

2024ರಲ್ಲಿ ಕನ್ನಂಬಾಡಿ ಕಟ್ಟೆ ತುಂಬಿತು, ಭತ್ತ ಬಂತು. ಆ ಡಿಸೆಂಬರಿನಲ್ಲಿ ಇಪ್ಪತ್ತು ಗುಂಟೆಯ ಒಂದು ಗದ್ದೆಯನ್ನು ಐದೈದು ಗುಂಟೆಯ ನಾಲ್ಕು ಪಟ್ಟೆ ಮಾಡಿದೆ. ಎರಡು ಪಟ್ಟೆಗೆ ಉಳುಮೆ, ಎರಡಕ್ಕೆ ಇಲ್ಲ. ಉತ್ತ ಎರಡರಲ್ಲಿ ಒಂದಕ್ಕೆ ಯೂರಿಯಾ, ಒಂದಕ್ಕೆ ಇಲ್ಲ. ಉಳದ ಎರಡರಲ್ಲೂ ಹಾಗೇ. ಇದನ್ನು ಸಂಶೋಧನೆ ಎಂದು ಯಾರೂ ಭಾವಿಸಬೇಡಿ. ಒಂದೇ ಗದ್ದೆ, ಒಂದೇ ಹಂಗಾಮು, ತೂಕಕ್ಕೆ ಹೊರೆ ಕಟ್ಟುವ ಹಗ್ಗ. ಆದರೆ ಮೂವತ್ತೊಂದು ವರ್ಷ ಕಪ್ಪುಹಲಗೆಯ ಮೇಲೆ ಬರೆದದ್ದನ್ನು ಮೊದಲ ಸಲ ಮಣ್ಣಿನಲ್ಲಿ ಬರೆದು ನೋಡಿದೆ.

ಬೀಜ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲೇ ರೂಪುಗೊಂಡ ಮೇವಿನ ಅಲಸಂದೆ ಎಂ.ಎಫ್‌.ಸಿ. 08-14. ರಾತ್ರಿ ನೆನೆಹಾಕಿ, ಬೆಳಿಗ್ಗೆ ಬೆಲ್ಲದ ಪಾಕಕ್ಕೆ ರೈಜೋಬಿಯಂ ಪುಡಿ ಕಲಸಿ ಸವರಿ, ನೆರಳಲ್ಲಿ ಆರಹಾಕಿದೆ. ಬೆಲ್ಲಕ್ಕೇನು, ಆಲೆಮನೆ ಊರ ಬಾಗಿಲಲ್ಲೇ ಇದೆ. ಉಳದ ಪಟ್ಟೆಗಳಿಗೆ ಡಿಸೆಂಬರ್ ಕೊನೆಯಲ್ಲಿ, ಭತ್ತ ಇನ್ನೂ ನಿಂತಿರುವಾಗಲೇ ಚೆಲ್ಲಿದೆ. ನೆಲ ಕಾಲಿಟ್ಟರೆ ಹೆಜ್ಜೆ ಮೂಡಬೇಕು, ಹಿಮ್ಮಡಿಯ ಗುಳಿಯಲ್ಲಿ ನೀರು ಒಸರಬಾರದು. ಆ ಹದ ಇರುವುದು ಮೂರೋ ನಾಲ್ಕೋ ದಿನ. ಮೇಲೆ ಬಿದ್ದ ಕಾಳಿನಲ್ಲಿ ಹಕ್ಕಿಗೊಂದು ಪಾಲು, ಇಲಿಗೊಂದು ಪಾಲು ಎಂದು ಒಂದೂವರೆ ಪಟ್ಟು ಬೀಜ ಹಾಕಿದೆ. ವಾರದ ಮೇಲೆ ಕುಡುಗೋಲಿನಲ್ಲಿ ಭತ್ತ ಕೊಯ್ದೆವು. ಯಂತ್ರ ಇಳಿದಿದ್ದರೆ ಮೊಳಕೆಯೆಲ್ಲ ಚಕ್ರದ ಕೆಳಗಾಗುತ್ತಿತ್ತು.

ಉಳುವ ಪಟ್ಟೆಗಳ ಕಥೆ ಬೇರೆ. ಕೊಯ್ಲಿನ ಕಾಲದಲ್ಲಿ ಟ್ರ್ಯಾಕ್ಟರ್ ಸಿಗುವುದು ಮದುವೆ ಸೀಸನ್ನಿನಲ್ಲಿ ಛತ್ರ ಸಿಕ್ಕ ಹಾಗೆ. ಒಂಬತ್ತು ದಿನ ಕಾದೆ. ಅಷ್ಟರಲ್ಲಿ ನೆಲ ಬಿಗಿಯಿತು. ಉತ್ತಾಗ ಎದ್ದ ಹೆಂಟೆ ಒಡೆಯಲು ರೋಟವೇಟರ್ ಬೇಕಾಯಿತು. ರೋಟವೇಟರ್ ಮೇಲೆ ಕೆಳಗೆ ಮಾಡಿದ ಮಣ್ಣಿನಲ್ಲಿ ಇದ್ದಬದ್ದ ಪಸೆಯೂ ಹಾರಿಹೋಗಿ, ಕಾಳು ಮೊಳೆಯಲು ನೀರು ಕಟ್ಟಬೇಕಾಯಿತು. ಒಂದು ಕೆಲಸ ಇನ್ನೊಂದನ್ನು ಕರೆಯಿತು, ಅದು ಮತ್ತೊಂದನ್ನು. ಈ ಪಟ್ಟೆಗಳಿಗೆ ಬೀಜ ಬೀಳುವ ಹೊತ್ತಿಗೆ ಪಕ್ಕದಲ್ಲಿ ಅಲಸಂದೆ ಮೂರು ವಾರ ಮುಂದೆ ಹೋಗಿತ್ತು.

ಯೂರಿಯಾ ಹಾಕದ ಪಟ್ಟೆಗಳ ಎಲೆ ಎರಡು ಮೂರು ವಾರದ ಹೊತ್ತಿಗೆ ಹಳದಿಗೆ ತಿರುಗಿತು. ಉತ್ತ ಪಟ್ಟೆಯಲ್ಲಿ ಅದು ಹೆಚ್ಚು. ದಾರಿಯಲ್ಲಿ ಹೋಗುವವರೆಲ್ಲ ನಿಂತು ಬುದ್ಧಿ ಹೇಳಿದರು. "ಒಂದು ಬೊಗಸೆ ಎರಚಿ ಟೀಚರಮ್ಮ, ಪಾಪ ಅದೇನು ತಪ್ಪು ಮಾಡಿತ್ತು?" ನನ್ನ ಕೈಯೂ ತುರಿಸಿತು, ನಿಜ. ಆದರೆ ಹಳದಿಯ ಗುಟ್ಟು ಬೇರೆ ಇತ್ತು. ಭತ್ತದ ಕೂಳೆಯಲ್ಲಿ ಇಂಗಾಲ ಅಪಾರ, ಸಾರಜನಕ ಅತ್ಯಲ್ಪ. ರೋಟವೇಟರ್ ಅದನ್ನು ಕೊಚ್ಚಿ ಮಣ್ಣಿಗೆ ಬೆರೆಸಿದಾಗ, ಅದನ್ನು ಕೊಳೆಸಲು ಹೊರಟ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನು ತಾವೇ ಬಾಚಿಕೊಳ್ಳುತ್ತವೆ. ಬೆಳೆ ಆ ಪಂಕ್ತಿಯ ಕೊನೆಯಲ್ಲಿ ಕೂತ ಕೂಸು. ನಾವು ಹಳದಿ ಎಲೆ ನೋಡಿ ಅಂಗಡಿಗೆ ಓಡುತ್ತೇವೆ. ಅಂದರೆ, ಹೆಚ್ಚು ಉತ್ತದ್ದರಿಂದ ಹುಟ್ಟಿದ ಹಸಿವಿಗೆ ಮೂಟೆಯಿಂದ ಊಟ ಹಾಕುತ್ತೇವೆ. ಕೂಳೆಯನ್ನು ನಿಂತ ಹಾಗೇ ಬಿಟ್ಟ ಕಡೆ ಆ ಕಿತ್ತಾಟ ಅಷ್ಟಾಗಿ ಇರಲಿಲ್ಲ.

ಬಿತ್ತಿ ಐದು ವಾರವಾದ ಮೇಲೆ ಒಂದೊಂದು ಪಟ್ಟೆಯಿಂದ ಐದೈದು ಗಿಡ ಮಣ್ಣುಸಮೇತ ಎತ್ತಿ, ಬಾನಿಯ ನೀರಿನಲ್ಲಿ ಅದ್ದಿ ಬೇರು ತೊಳೆದೆ. ಕಿತ್ತರೆ ರೈಜೋಬಿಯಂ ಬ್ಯಾಕ್ಟೀರಿಯಾ ಮನೆಮಾಡುವ ಬೇರುಗಂಟುಗಳು ಮಣ್ಣಿನಲ್ಲೇ ಉಳಿದುಬಿಡುತ್ತವೆ, ಎತ್ತಿಯೇ ತೆಗೆಯಬೇಕು. ಯೂರಿಯಾ ತಿಂದ ಪಟ್ಟೆಯ ಗಿಡಗಳ ಎಲೆ ಕಡುಹಸಿರು, ಬೇರು ಮಾತ್ರ ನುಣ್ಣಗೆ. ಅಲ್ಲೊಂದು ಇಲ್ಲೊಂದು ಗಂಟು, ರಾಗಿಕಾಳಿನಷ್ಟು. ಯೂರಿಯಾ ಕಾಣದ, ನೇಗಿಲೂ ಕಾಣದ ಪಟ್ಟೆಯ ಬೇರಿನಲ್ಲಿ ಗಂಟುಗಳು ಬುಡದ ಹತ್ತಿರವೇ ಗೊಂಚಲಾಗಿ ಕೂತಿದ್ದವು. ಒಂದನ್ನು ಉಗುರಿನಿಂದ ಸೀಳಿದೆ. ಒಳಗೆ ಹಸಿಮಾಂಸದ ಕೆಂಪು. ಬದುವಿನ ಮೇಲೆ ಕೂತಿದ್ದ ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನ ಹುಡುಗಿ "ಅಯ್ಯೋ, ರಕ್ತ!" ಎಂದಳು.

ಅವಳು ಹೇಳಿದ್ದು ಮುಕ್ಕಾಲುಪಾಲು ಸರಿ. ಆ ಕೆಂಪು ಲೆಗ್‌ಹೀಮೋಗ್ಲೋಬಿನ್, ನಮ್ಮ ರಕ್ತದ ಹೀಮೋಗ್ಲೋಬಿನ್‌ನ ದಾಯಾದಿ. ಗಂಟಿನೊಳಗಿನ ಬ್ಯಾಕ್ಟೀರಿಯಾಗೆ ಉಸಿರಾಡಲು ಆಮ್ಲಜನಕ ಬೇಕು, ಆದರೆ ಗಾಳಿಯ ಸಾರಜನಕವನ್ನು ಒಡೆಯುವ ಅದರ ಕಿಣ್ವಕ್ಕೆ ಆಮ್ಲಜನಕ ವಿಷ. ಆ ಕೆಂಪು ಬಣ್ಣ ಎರಡರ ನಡುವೆ ನಿಂತು ಅಳೆದು ಅಳೆದು ಬಡಿಸುತ್ತದೆ. ಒಳಗೆ ಕೆಂಪಗಿದ್ದರೆ ಗಂಟು ದುಡಿಯುತ್ತಿದೆ, ಬೆಳ್ಳಗಿದ್ದರೆ ಕೂತು ತಿನ್ನುತ್ತಿದೆ, ಹಸಿರಾಗಿದ್ದರೆ ಮುದಿಯಾಗಿದೆ. ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ಈ ಗಂಟುಗಳ ಕೆಲಸವನ್ನು ಜಗತ್ತಿಗೆ ಹೇಳಿದ್ದು 1886ರಲ್ಲಿ. ಎರಡು ವರ್ಷದ ಬಳಿಕ ಹಾಲೆಂಡಿನ ಬೈಯರಿಂಕ್ ಬ್ಯಾಕ್ಟೀರಿಯಾವನ್ನೇ ಬೇರ್ಪಡಿಸಿದ. ಇದನ್ನೆಲ್ಲ ಚಿತ್ರ ಬರೆದು ಹೇಳಿಕೊಡುತ್ತಿದ್ದೆ. ಗಂಟನ್ನು ಸೀಳಿ ಒಂದು ಮಗುವಿಗೂ ತೋರಿಸಿರಲಿಲ್ಲ.

ಗಿಡವೂ ಲೆಕ್ಕ ಗೊತ್ತಿರುವ ಗೃಹಿಣಿ. ಬ್ಯಾಕ್ಟೀರಿಯಾವನ್ನು ಸಾಕಲು ಅದು ತನ್ನ ಸಕ್ಕರೆ ಖರ್ಚು ಮಾಡಬೇಕು. ಬಾಗಿಲಿಗೇ ಯೂರಿಯಾ ಬಂದು ಬಿದ್ದರೆ ಆಳಿಟ್ಟು ದುಡಿಸುವುದೇಕೆ ಎಂದು ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಹಾಗೆಂದು ಮೊದಲ ಇಪ್ಪತ್ತು ದಿನ, ಗಂಟು ದುಡಿಮೆಗೆ ಇಳಿಯುವವರೆಗೆ, ಸ್ವಲ್ಪ ಕೈಸಾಲ ಕೊಡುವುದರಲ್ಲಿ ತಪ್ಪಿಲ್ಲ. ಕೃಷಿ ವಿಶ್ವವಿದ್ಯಾಲಯದ ಶಿಫಾರಸೂ ಎಕರೆಗೆ ಸುಮಾರು 10 ಕೆ.ಜಿ. ಸಾರಜನಕ, ಅಂದರೆ ಅರ್ಧ ಮೂಟೆ ಯೂರಿಯಾ. ಕಾಳು ಜಾತಿಗೆ ನಿಜವಾಗಿ ಹೊರಗಿನಿಂದ ಬೇಕಾದದ್ದು ರಂಜಕ. ಆದರೆ ನಮ್ಮೂರಲ್ಲಿ ಗೊಬ್ಬರ ಎಂದರೆ ಯೂರಿಯಾ. ಹಾಕಿದ ನಾಲ್ಕನೇ ದಿನ ಎಲೆ ಕಪ್ಪಗಾಗುತ್ತದಲ್ಲ, ಅದೇ ಅದರ ಜಾಹೀರಾತು. ರಂಜಕ ಕೆಲಸ ಮಾಡುವುದು ನೆಲದ ಕೆಳಗೆ, ಅಲ್ಲಿಗೆ ಯಾರ ಕಣ್ಣೂ ಹೋಗುವುದಿಲ್ಲ.

ಈಗ ಹಗ್ಗದ ಲೆಕ್ಕ. ಹೂವು ಅರ್ಧ ಬಿಟ್ಟಾಗ ಕೊಯ್ದೆವು. ಅದಕ್ಕಿಂತ ತಡ ಮಾಡಿದರೆ ಎಲೆ ಉದುರಿ ಕಾಂಡ ನಾರಾಗುತ್ತದೆ. ಉತ್ತು ಯೂರಿಯಾ ಹಾಕಿದ ಪಟ್ಟೆಯಲ್ಲಿ 33 ಹೊರೆ. ಉತ್ತು ಯೂರಿಯಾ ಹಾಕದ್ದರಲ್ಲಿ 28. ಉಳದ ಎರಡರಲ್ಲೂ 29, ಯೂರಿಯಾ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಯೂರಿಯಾ ಬಿದ್ದ ಕಡೆ ಹೊರೆಯಲ್ಲಿ ಕಳೆಯೂ ಸೇರಿತ್ತು, ಕಳೆಗೆ ಬೇರುಗಂಟಿಲ್ಲ ನೋಡಿ, ಮೂಟೆ ಕಂಡರೆ ಅದಕ್ಕೇ ಹಬ್ಬ. ಹೊರೆಗೆ ಮೂವತ್ತು ಕೆ.ಜಿ. ಎಂದರೂ ಗೆದ್ದ ಪಟ್ಟೆ ಗೆದ್ದದ್ದು ನಾಲ್ಕೇ ಹೊರೆಯಿಂದ. ಆ ನಾಲ್ಕು ಹೊರೆಗೆ ನಾನು ತೆತ್ತದ್ದು ಟ್ರ್ಯಾಕ್ಟರ್ ಬಾಡಿಗೆ, ಒಂದು ಸಲದ ನೀರು, ಯೂರಿಯಾ, ಎಲ್ಲಕ್ಕಿಂತ ಹೆಚ್ಚಾಗಿ ಮೂರು ವಾರ. ಉಳದ ಪಟ್ಟೆಯ ಮೇವು ಮಾರ್ಚ್ ಹುಟ್ಟುವಾಗಲೇ ಕೊಟ್ಟಿಗೆಯಲ್ಲಿತ್ತು. ಬೇಸಿಗೆಯಲ್ಲಿ ಮೂರು ವಾರ ಮೊದಲು ಸಿಗುವ ಹಸಿ ಮೇವಿನ ಬೆಲೆ ಹಸು ಕಟ್ಟಿದವರಿಗೇ ಗೊತ್ತು.

ಯೂರಿಯಾ ಬೇಡ ಎಂದರೆ ಜನ ನಗುವುದಕ್ಕೂ ಕಾರಣವಿದೆ. ನಲವತ್ತೈದು ಕೆ.ಜಿ. ಮೂಟೆಗೆ ನಾವು ಕೊಡುವುದು ಮುನ್ನೂರು ರೂಪಾಯಿಗೂ ಕಡಿಮೆ, ಅದರ ಹಲವು ಪಟ್ಟು ಸರ್ಕಾರ ತುಂಬಿಕೊಡುತ್ತದೆ. ನನ್ನ ಗದ್ದೆಯ ಫಸಲು ಎಕರೆ ಲೆಕ್ಕಕ್ಕೆ ಏಳು ಟನ್ ಹಸಿ ಮೇವು. ನೀರಿನಂಶ ಕಳೆದರೆ ಸುಮಾರು 1,250 ಕೆ.ಜಿ. ಒಣ ಪದಾರ್ಥ, ಅದರಲ್ಲಿ ನೂರಕ್ಕೆ ಹದಿನಾರರಂತೆ 200 ಕೆ.ಜಿ. ಪ್ರೋಟೀನ್. ಪ್ರೋಟೀನನ್ನು 6.25ರಿಂದ ಭಾಗಿಸಿದರೆ 32 ಕೆ.ಜಿ. ಸಾರಜನಕ. ಒಂದೂವರೆ ಮೂಟೆ ಯೂರಿಯಾದಲ್ಲಿರುವುದೂ ಅಷ್ಟೇ. ಅಂದರೆ ಬೇರುಗಂಟುಗಳು ಇಡೀ ಹಂಗಾಮು ದುಡಿದು ಎಲ್ಲವನ್ನೂ ಗಾಳಿಯಿಂದಲೇ ತಂದವು ಎಂದುಕೊಂಡರೂ, ಅಂಗಡಿ ಲೆಕ್ಕದಲ್ಲಿ ಅವುಗಳ ಸಂಬಳ ನಾನೂರು ರೂಪಾಯಿ. ಅಷ್ಟಕ್ಕೆ ಇಷ್ಟು ರಾಮಾಯಣವೇ?

ಲೆಕ್ಕವನ್ನು ಕೊಟ್ಟಿಗೆಯ ಕಡೆಯಿಂದ ಹಾಕಿ ನೋಡಿ. ಅದೇ 200 ಕೆ.ಜಿ. ಪ್ರೋಟೀನನ್ನು ನೂರಕ್ಕೆ ಇಪ್ಪತ್ತು ಪ್ರೋಟೀನ್ ಇರುವ ಪಶು ಆಹಾರದಿಂದ ಪಡೆಯಬೇಕೆಂದರೆ ಒಂದು ಟನ್ ಬೇಕು. ಐವತ್ತು ಕೆ.ಜಿ.ಯ ಇಪ್ಪತ್ತು ಚೀಲ. ಚೀಲವೊಂದಕ್ಕೆ ಸಾವಿರದ ಮೇಲೆ. ಹಿಂಡಿಯಲ್ಲಿರುವ ಶಕ್ತಿ, ಖನಿಜಗಳ ಲೆಕ್ಕ ಬೇರೆಯೇ, ಅಲಸಂದೆಯೊಂದೇ ಹಿಂಡಿಗೆ ಸಾಟಿ ಎನ್ನಲಾರೆ. ಆದರೂ ನಾನೂರು ಎಲ್ಲಿ, ಇಪ್ಪತ್ತು ಸಾವಿರ ಎಲ್ಲಿ? ಗದ್ದೆಯ ಲೆಕ್ಕ ಬರೆಯುವವರು ಮೊದಲನೆಯದನ್ನು ನೋಡುತ್ತಾರೆ, ಕೊಟ್ಟಿಗೆಯ ಲೆಕ್ಕ ಬರೆಯುವವರು ಎರಡನೆಯದನ್ನು. ನಮ್ಮ ಮನೆಗಳಲ್ಲಿ ಈ ಎರಡು ಪುಸ್ತಕಗಳು ಎರಡು ಬೇರೆ ಕೈಗಳಲ್ಲಿವೆ.

ನನ್ನ ತಕರಾರು ಇರುವುದು ಇಲ್ಲಿ. ಉಳುಮೆ, ಗೊಬ್ಬರ, ಟ್ರ್ಯಾಕ್ಟರ್ ಗಂಡಸರ ಖಾತೆ. ಮೇವು ಕೊಯ್ಯುವುದು, ಹೊರುವುದು, ಕತ್ತರಿಸುವುದು, ಹಾಕುವುದು, ಸಗಣಿ ಬಾಚುವುದು ಹೆಂಗಸರ ಖಾತೆ. ಗದ್ದೆ ಕೊಯ್ಲಾದ ಮೇಲೆ ಅದರಲ್ಲೇನು ಬಿತ್ತಬೇಕು, ಬಿತ್ತಬೇಕೇ ಬೇಡವೇ ಎನ್ನುವ ಮಾತು ಟೀ ಅಂಗಡಿಯ ಮುಂದೆ ತೀರ್ಮಾನವಾಗುತ್ತದೆ, ಹೊರೆ ಇಳಿಸುವ ಜಗಲಿಯ ಮೇಲಲ್ಲ. ಬೇಸಿಗೆಯಲ್ಲಿ ಬದುಬದು ಸುತ್ತಿ ಗರಿಕೆ ಕೆರೆದು ತರುವ ಹೆಂಗಸನ್ನು "ನಿನ್ನ ಗದ್ದೆ ಜನವರಿಯಿಂದ ಜೂನ್‌ವರೆಗೆ ಖಾಲಿ ಯಾಕೆ ಬಿದ್ದಿದೆ?" ಎಂದು ಕೇಳಿ. "ಅದು ಅವರನ್ನು ಕೇಳಬೇಕು" ಎನ್ನುತ್ತಾಳೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಅರ್ಧ ಸತ್ಯ ಮಾರುವವರ ಸಾಲಿಗೆ ಸೇರುತ್ತೇನೆ. ಆ ಅರ್ಧ ಸತ್ಯ ಹೀಗಿದೆ: "ಕಾಳು ಬೆಳೆದರೆ ಭೂಮಿಗೆ ಸಾರಜನಕ ಸೇರುತ್ತದೆ." ಕಾಳು ಬಿಡಿಸಿಕೊಂಡು ಸೊಪ್ಪು ನೆಲಕ್ಕೆ ಬಿಟ್ಟರೆ ಸೇರುತ್ತದೆ, ಹಸಿರೆಲೆ ಗೊಬ್ಬರ ಮಾಡಿದರೆ ಸೇರುತ್ತದೆ. ಮೇವು ಎಂದು ಬುಡ ಕಂಡು ಕೊಯ್ದು ಹೊತ್ತು ತಂದರೆ ಬೇರಿನಲ್ಲಿ ಉಳಿದದ್ದಷ್ಟೇ ಗದ್ದೆಗೆ. ಮಿಕ್ಕದ್ದು ಹೊರೆಯಲ್ಲಿ ನನ್ನ ತಲೆಯ ಮೇಲೆ ಕೂತು ಕೊಟ್ಟಿಗೆಗೆ ಬರುತ್ತದೆ. ಅಲ್ಲಿ ಹಸು ತಿಂದ ಸಾರಜನಕದಲ್ಲಿ ಸುಮಾರು ಕಾಲುಭಾಗ ಹಾಲಿಗೆ. ಉಳಿದದ್ದು ಸಗಣಿ, ಗಂಜಲ. ಸಗಣಿಯನ್ನು ಬಾಚಿ ತಿಪ್ಪೆಗೆ ಹಾಕುತ್ತೇವೆ, ಗಂಜಲ ಮೋರಿಗೆ. ಆ ಗಂಜಲದಲ್ಲಿರುವುದೇನು? ಯೂರಿಯಾ! ಅಂಗಡಿಯ ಮೂಟೆಯಲ್ಲಿರುವ ಅದೇ ಅಣು, ಕೂದಲೆಳೆಯ ವ್ಯತ್ಯಾಸವಿಲ್ಲ. 1828ರಲ್ಲಿ ವೋಲರ್ ಎಂಬ ವಿಜ್ಞಾನಿ ಪ್ರಯೋಗಾಲಯದಲ್ಲಿ ಅದನ್ನು ತಯಾರಿಸುವವರೆಗೆ ಅದು ಜೀವಿಗಳ ಮೈಯಿಂದಷ್ಟೇ ಸಿಗುತ್ತದೆ ಎಂದು ಜಗತ್ತು ತಿಳಿದಿತ್ತು. ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದಾಗ ಮೂಗಿಗೆ ಅಡರುವ ಘಾಟು ಅದೇ ಯೂರಿಯಾ ಅಮೋನಿಯಾ ಆಗಿ ಹಾರಿಹೋಗುವ ವಾಸನೆ. 2025ರ ಮುಂಗಾರಿನಲ್ಲಿ ಯೂರಿಯಾಕ್ಕೆಂದು ರಾಜ್ಯದ ಎಷ್ಟೋ ಕಡೆ ರೈತರು ಬೆಳಗಿನ ಜಾವದಿಂದ ಸಾಲು ನಿಂತರು. ನಾನೂ ಭತ್ತಕ್ಕೆಂದು ಒಂದು ದಿನ ನಿಂತೆ. ಸಾಲಿನಲ್ಲಿ ನಿಂತವರೆಲ್ಲರ ಮನೆಯ ಮೋರಿಯಲ್ಲೂ ಅದೇ ಸರಕು ಹರಿಯುತ್ತಿತ್ತು.

ಹಾಗಾಗಿ ಮೇವಿನ ಅಲಸಂದೆಯ ಕಥೆ ಗದ್ದೆಯಲ್ಲಿ ಮುಗಿಯುವುದಿಲ್ಲ. ನಾನು ಕೊಟ್ಟಿಗೆಯ ನೆಲಕ್ಕೆ ಒಂದು ಇಳಿಜಾರು ಕೊಡಿಸಿ, ಮೂಲೆಯಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿದೆ. ಗಂಜಲ ಅಲ್ಲಿ ನಿಲ್ಲುತ್ತದೆ, ಒಣತರಗು ಹೀರಿಕೊಳ್ಳುತ್ತದೆ, ಅದು ಗದ್ದೆಗೆ ಹೋಗುತ್ತದೆ. ಮನೆ ಕಟ್ಟಿಸುವಾಗ ಉಳಿದ ಇಟ್ಟಿಗೆಯಲ್ಲೇ ಆದ ಕೆಲಸ.

ಇನ್ನೊಂದು ಸೋಲನ್ನೂ ಒಪ್ಪಿಕೊಳ್ಳಬೇಕು. ಗದ್ದೆಯಲ್ಲಿ ಗೆದ್ದ ಹುಮ್ಮಸ್ಸಿನಲ್ಲಿ ಕಳೆದ ಹಿಂಗಾರಿಗೆ ಬೆಟ್ಟದ ಕಡೆಯ ಕೆಂಪು ಹೊಲಕ್ಕೂ ಉಳದೆ ಹುರುಳಿ ಚೆಲ್ಲಿದೆ. ಮಳೆ ಬಂತು. ಬಂದ ಮಳೆ ಗಾರೆ ನೆಲದ ಮೇಲೆ ಓಡುವ ಹಾಗೆ ಓಡಿಹೋಯಿತು. ಕೆಂಪು ಮಣ್ಣು ಮಳೆ ಹನಿಯ ಏಟಿಗೆ ಮೇಲ್ಮೈಯಲ್ಲಿ ಹಪ್ಪಳಗಟ್ಟುತ್ತದೆ. ಅದನ್ನು ಒಡೆಯದಿದ್ದರೆ ನೀರು ಇಳಿಯುವುದಿಲ್ಲ, ಮೊಳಕೆ ಏಳುವುದಿಲ್ಲ. ಪಕ್ಕದ ಹೊಲದಲ್ಲಿ ಒಂದು ಉಕ್ಕೆ ಹೊಡೆದು ಬಿತ್ತಿದ ಹುರುಳಿ ನೆಲ ಮುಚ್ಚಿತು, ನನ್ನದು ಗುಬ್ಬಿ ಬಿಟ್ಟ ಕಾಳಿನ ಹಾಗೆ ಅಲ್ಲಲ್ಲಿ. ಉಳುಮೆ ಬೇಡ ಎನ್ನುವ ಪುಸ್ತಕಗಳೆಲ್ಲ ನೆಲದ ಮೇಲೆ ಹುಲ್ಲಿನ ಹೊದಿಕೆ ಇರಲಿ ಎಂದೂ ಹೇಳುತ್ತವೆ. ಜಪಾನಿನ ಫುಕುವೋಕಾ ನೇಗಿಲು ಬಿಟ್ಟದ್ದು ನಿಜ. ಆದರೆ ಅವರು ಭತ್ತದ ಹುಲ್ಲನ್ನು ಗದ್ದೆಗೇ ಹಿಂತಿರುಗಿಸುತ್ತಿದ್ದರು, ಜೊತೆಗೆ ಬಿಳಿ ಕ್ಲೋವರ್ ಎಂಬ ಕಾಳು ಜಾತಿಯ ಗಿಡವನ್ನು ನೆಲಕ್ಕೆ ಹೊದಿಸುತ್ತಿದ್ದರು. ತೇಜಸ್ವಿಯವರ 'ಸಹಜ ಕೃಷಿ' ಓದಿ ಎಂಬತ್ತರ ದಶಕದಲ್ಲಿ ನಮ್ಮಲ್ಲೂ ಎಷ್ಟೋ ಜನ ನೇಗಿಲು ಅಟ್ಟಕ್ಕೇರಿಸುವ ಕನಸು ಕಂಡಿದ್ದರು. ನಮ್ಮ ಹುಲ್ಲಾದರೋ ಒಂದು ಎಳೆ ಬಿಡದೆ ಮೆದೆಗೆ ಹೋಗುತ್ತದೆ, ಮೆದೆಯಿಂದ ಹಸುವಿನ ಬಾಯಿಗೆ. ಹೊದಿಕೆಯಿಲ್ಲದ ಕೆಂಪು ನೆಲವನ್ನು ಉಳದೆ ಬಿಡುವುದು ಅರ್ಧ ಓದಿ ಪರೀಕ್ಷೆಗೆ ಕೂತ ಹಾಗೆ. ನಾನು ಕೂತೆ, ಫಲಿತಾಂಶ ಬಂತು.

ಆದ್ದರಿಂದ ಶೂನ್ಯ ಉಳುಮೆಯನ್ನು ಧರ್ಮ ಮಾಡಿಕೊಂಡು ಪ್ರಚಾರಕ್ಕೆ ಹೊರಟವಳಲ್ಲ ನಾನು. ನನ್ನ ಮಾತು ಇಷ್ಟೇ. ಕೊಯ್ಲಾದ ಗದ್ದೆಯ ಹಸಿಯಲ್ಲಿ ಮೇವಿನ ಕಾಳು ಚೆಲ್ಲುವಾಗ ಉಳುಮೆಯೂ ಯೂರಿಯಾವೂ ಬಹುಪಾಲು ಅಭ್ಯಾಸದ ಖರ್ಚು. ಆ ಖರ್ಚಿನಿಂದ ಗದ್ದೆ ಚೆನ್ನಾಗಿ ಕಾಣುತ್ತದೆ, ಹೊರೆ ಹೆಚ್ಚು ಭಾರವಾಗುವುದಿಲ್ಲ. ಸರ್ಕಾರದ ನೆರವೂ ಇದೇ ಅಭ್ಯಾಸದ ಹಾದಿಯಲ್ಲೇ ನಡೆಯುತ್ತಿದೆ. 2024ರ ಬೇಸಿಗೆಯಲ್ಲಿ ನಮ್ಮ ಕೈಗೆ ಬಂದ ಉಚಿತ ಮೇವಿನ ಬೀಜದ ಪೊಟ್ಟಣದಲ್ಲಿ ಇದ್ದದ್ದು ಜೋಳ, ಮುಸುಕಿನ ಜೋಳ. ಎರಡೂ ನೀರು ಕೇಳುವ, ಯೂರಿಯಾ ಕೇಳುವ ಬೆಳೆಗಳು. ಆಗ ನಾಲೆಯಲ್ಲಿ ನೀರಿರಲಿಲ್ಲ. ಪೊಟ್ಟಣ ಅಟ್ಟದ ಮೇಲೆ ಕೂತು ಹುಳದ ಪಾಲಾಯಿತು. ಅದೇ ಪೊಟ್ಟಣ ಡಿಸೆಂಬರಿನಲ್ಲಿ, ಗದ್ದೆಯಲ್ಲಿ ಹೆಜ್ಜೆ ಮೂಡುವ ಹದ ಇರುವಾಗ, ಅಲಸಂದೆಯನ್ನು ತುಂಬಿಕೊಂಡು ಬಂದಿದ್ದರೆ? ಮೇವಿನ ಬರ ಏಪ್ರಿಲ್‌ನಲ್ಲಿ ಕಾಣಿಸುತ್ತದೆ, ಅದರ ಮದ್ದು ಇರುವುದು ಕೊಯ್ಲಿಗೆ ಮುಂಚಿನ ವಾರದಲ್ಲಿ.

ಬಾಡಿಗೆ ಯಂತ್ರ ಕೇಂದ್ರಕ್ಕೆ ಹೋಗಿ ಉಳದೆ ಬಿತ್ತುವ ಕೂರಿಗೆ ಇದೆಯೇ ಎಂದು ಕೇಳಿದೆ. ಕೌಂಟರಿನ ಹುಡುಗ "ರೋಟವೇಟರ್ ಮೂರವೆ ಮೇಡಂ" ಎಂದ. ಕೂಳೆಯ ನಡುವೆ ಸೀಳು ಕೊರೆದು ಕಾಳು ಇಳಿಸುವ ಯಂತ್ರ ಪಂಜಾಬ್, ಹರಿಯಾಣದ ಗೋಧಿ ಹೊಲಗಳಲ್ಲಿ ಮಾಮೂಲು. ತಾಲ್ಲೂಕಿಗೊಂದು ಇದ್ದರೂ ಸಾಕು, ಒಂದೂವರೆ ಪಟ್ಟು ಬೀಜ ಚೆಲ್ಲಿ ಹಕ್ಕಿಯ ಜೊತೆ ಹಂಚಿಕೊಳ್ಳುವ ನನ್ನ ಪಾಡು ತಪ್ಪುತ್ತದೆ. ರೈಜೋಬಿಯಂ ಪೊಟ್ಟಣದಲ್ಲಿರುವುದು ಜೀವ. ಬಿಸಿಲಿನ ಶೆಡ್ಡಿನಲ್ಲಿ ಯೂರಿಯಾದ ಪಕ್ಕ ಆರು ತಿಂಗಳು ಇಟ್ಟರೆ ಉಳಿಯುವುದು ಬರೀ ಪುಡಿ. ಬೀಜ, ಪೊಟ್ಟಣ ಎರಡನ್ನೂ ಹಳ್ಳಿಹಳ್ಳಿಗೆ ಮುಟ್ಟಿಸಲು ಹೊಸ ಯೋಜನೆಯೇ ಬೇಕಿಲ್ಲ. ದಿನಕ್ಕೆ ಎರಡು ಸಲ ಹಾಲಿನ ಕ್ಯಾನು ಹೊರುವ ಗಾಡಿ ಪ್ರತಿ ಡೈರಿಯ ಬಾಗಿಲಿಗೆ ಬರುತ್ತದೆ, ಬರುವಾಗ ಖಾಲಿ ಬರುತ್ತದೆ. ಡೈರಿಯ ಜಗಲಿಯಲ್ಲಿ ಕ್ಯೂ ನಿಂತಿರುವವರು ಹೆಂಗಸರು. ಬೀಜ ಅಲ್ಲಿಗೆ ಬಂದರೆ ಸರಿಯಾದ ಕೈಗೇ ಬರುತ್ತದೆ.

ಈ ಜನವರಿಯಲ್ಲಿ ಅದೇ ಹುಡುಗ, ಅದೇ ಟ್ರ್ಯಾಕ್ಟರ್. ಅಲಸಂದೆ ಆಗಲೇ ಕೂಳೆಯ ಮೇಲಕ್ಕೆ ಬಂದಿತ್ತು. ಒಂದು ಮೂಲೆಯಲ್ಲಿ ಮಾತ್ರ ಗರಿಕೆ ಹಬ್ಬಿ, ಕಾಳು ಹುಟ್ಟಿರಲಿಲ್ಲ. ಎರಡು ವರ್ಷ ಕೊಯ್ಲಿನ ಮೇಲೆ ನೇಗಿಲು ಕಾಣದ್ದಕ್ಕೆ ಗರಿಕೆ ತೆರಿಗೆ ವಸೂಲಿ ಮಾಡುತ್ತಿತ್ತು. ಕಳೆನಾಶಕ ಹೊಡೆಯಲು ನನಗೆ ಮನಸ್ಸಿಲ್ಲ, ಆ ಮೇವು ಹೋಗುವುದು ಹಸುವಿನ ಹೊಟ್ಟೆಗೆ. ಅವನು ರೋಟವೇಟರ್ ಎತ್ತಿಕೊಂಡೇ ಬದುವಿನ ಹತ್ತಿರ ನಿಲ್ಲಿಸಿ ಕೇಳಿದ, "ಎಷ್ಟು ಹೊಡೀಲಿ ಅಕ್ಕ?"

ಗರಿಕೆಯ ಅಂಚಿನಲ್ಲಿ ನಾಲ್ಕು ಕಡ್ಡಿ ನೆಟ್ಟು ತೋರಿಸಿದೆ. ಎರಡು ಗುಂಟೆ ಇರಬಹುದು. ಕಾಲು ಗಂಟೆಯ ಕೆಲಸ, ಕಾಲು ಗಂಟೆಯ ದುಡ್ಡು.

"ಅಷ್ಟೇನಾ?" ಎಂದ.

"ಅಷ್ಟೇ" ಎಂದೆ. ಕಡ್ಡಿಯಿಂದಾಚೆ ಒಂದಿಂಚೂ ಹೋಗದೆ ಹೊಡೆದು ಹೋದ.